ಬಿಂದಿಗೆ ಬಿದ್ದ ತಲೆ

“ಯಾವಳೇ ನೀನು? ನನ್ನ ಮನೇಲಿ ಟೀವಿ ಹಾಕ್ಕೊಂಡು ಕೂತಿದ್ದೀಯಲ್ಲ!” ಮಂಚದ ಮೇಲಿಂದಲೇ ಸುಭದ್ರೆ ಅಬ್ಬರಿಸಿದಳು.

ನೆನಪೇ ಹೋಯಿತೇನೋ ಎಂದು ಗಂಡ ಬಾಗಿಲಿಗೆ ಓಡಿ ಬಂದ. ಅಟ್ಟದಿಂದ ತಾಮ್ರದ ಬಿಂದಿಗೆ ಬಿದ್ದು ಅವಳ ಮಿದುಳು ಅಲುಗಿತ್ತು. ಕತ್ತಲ ಕೋಣೆ, ಸದ್ದಿಲ್ಲದ ವಿಶ್ರಾಂತಿ ಬೇಕೆಂದಿದ್ದರು ಡಾಕ್ಟರು. ಆರೈಕೆಗೆಂದು ಬಂದ ನಾದಿನಿ ಮಾತ್ರ ದಿನವಿಡೀ ಬೀದಿಗೆಲ್ಲ ಕೇಳುವಂತೆ ಧಾರಾವಾಹಿ ಹಾಕುತ್ತಿದ್ದಳು.

“ಅತ್ತಿಗೆ, ನಾನು ನಿಮ್ಮ ನಾದಿನಿ!”

“ನನಗ್ಯಾವ ನಾದಿನೀನೂ ಇಲ್ಲ. ಎದ್ದು ಆಚೆ ನಡಿ!”

“ಅಣ್ಣಾ, ಕೇಳಿದ್ಯೇನೋ? ಇನ್ನು ಈ ಹೊಸಿಲು ತುಳಿದ್ರೆ ಕೇಳು!”

ನಾದಿನಿ ಚೀಲ ಎತ್ತಿಕೊಂಡು ದಡದಡನೆ ಹೊರಟವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಗಂಡ ಕಣ್ಣೊರೆಸಿಕೊಳ್ಳುತ್ತ ಮಂಚದ ಹತ್ತಿರ ಬಂದ. “ನಾನಾದ್ರೂ ನೆನಪಿದ್ದೀನೇನೇ?”

ಸುಭದ್ರೆ ಹಾಯಾಗಿ ಕಣ್ಣು ಮುಚ್ಚಿದಳು.

“ಮೊದಲು ಆ ಟೀವಿ ಆರಿಸಿ ಬನ್ನಿ, ಆಮೇಲೆ ನೆನಪು ಮಾಡ್ಕೋತೀನಿ.”