ಹಳೇ ಕರ್ನಲ್

ತಲೆಯೊಳಗಿನ ಕಂಪ್ಯೂಟರಿಗೆ ಹೊಸ ಕರ್ನಲ್, ಅಂದರೆ ಅದನ್ನು ನಡೆಸುವ ಮೂಲ ತಂತ್ರಾಂಶ, ಬಂದಾಗಲೆಲ್ಲ ಒಪ್ಪಿಗೆ ಒತ್ತುವುದು ಯಾರಿಗೆ ಬೇಕೆಂದು ನಮ್ಮ ಯಜಮಾನರು ಅದನ್ನು ತಾನಾಗಿ ಹಾಕಿಕೊಳ್ಳುವ ಸ್ಕ್ರಿಪ್ಟ್ ಬರೆದಿಟ್ಟರು. ನಿದ್ದೆಯಲ್ಲೇ ಎಲ್ಲ ಮುಗಿಯುತ್ತದೆ.

ಇವತ್ತು ಎದ್ದು ನೋಡಿದರೆ, ಚೆಲ್ಲಲೆಂದು ಇಟ್ಟಿದ್ದ ನೊರೆಗಟ್ಟಿದ ಸಾರನ್ನು ಅನ್ನಕ್ಕೆ ಸುರಿದುಕೊಂಡು ಬೆರಳು ನೆಕ್ಕುತ್ತಿದ್ದಾರೆ.

"ಥೂ! ಹಳಸಿದ್ದು ರೀ ಅದು, ಉಗೀರಿ!"

"ಚೆನ್ನಾಗೇ ಇದೆಯಲ್ಲೇ!"

"ಹೊಸ ಕರ್ನಲ್ ನಿಮ್ಮ ಮೂಗು, ನಾಲಿಗೆ ಎರಡನ್ನೂ ಕೆಡಿಸಿದೆ. ಹಳೇದನ್ನೇ ವಾಪಸ್ ಹಾಕ್ಕೊಳ್ಳಿ."

"ಎಲ್ಲಿದೆ? ಸುಮ್ಮನೆ ಜಾಗ ತಿನ್ನುತ್ತೆ ಅಂತ ಹಳೇದನ್ನೆಲ್ಲ ಅಳಿಸೋಕೆ ಸ್ಕ್ರಿಪ್ಟಲ್ಲೇ ಬರೆದಿದ್ದೆ."

ಅದೇ ಬಾಯಲ್ಲಿ ಮುತ್ತಿಡಲು ಬಂದರು. ಮೂಗು ಮುಚ್ಚಿಕೊಂಡು ಹಿಂದೆ ಸರಿದೆ.

"ಮುಖ ಸಿಂಡರಿಸ್ಬೇಡ ಕಣೇ. ನಿನ್ನ ತಲೆಗೂ ಅದೇ ಸ್ಕ್ರಿಪ್ಟ್ ಹಾಕಿದೀನಿ. ನಾಳೆ ಬೆಳಿಗ್ಗೆ ನಿಂಗೆ ಬೇಕಾಗುತ್ತೆ ಅಂತ ಒಂದು ಸೌಟು ಮಿಗಿಸಿಟ್ಟಿದೀನಿ."