ಮಲ್ಕಾಜ್‌ಗಿರಿಯಲ್ಲಿ ಇಳಿದ ಸಿಪಾಯಿ

ಚನ್ನು ಮಲ್ಕಾಜ್‌ಗಿರಿ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟದ್ದೇ ತಡ, ಹಲಗೆ ಬಡಿತ ಶುರುವಾಯಿತು. ಎದುರಿಗೆ ಅವನ ಸೋದರಮಾವ ಗೊಲ್ಲಾಳಪ್ಪ ಚೆಂಡುಹೂವಿನ ಹಾರ ಹಿಡಿದು ನಿಂತಿದ್ದ. ಹಿಂದೆ ಅವನ ಕೈಕೆಳಗೆ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡುವ ಊರಿನ ಮಂದಿ, ಬಾಳೆಕಂಬ ಕಟ್ಟಿದ ಟ್ರಾಲಿ ಆಟೋ. ಮಿಲಿಟರಿಯಿಂದ ರಿಟೈರಾಗಿ ಬಂದವರನ್ನು ಅವರ ಯಾದಗಿರಿ ಕಡೆ ಹೀಗೇ ಮೆರವಣಿಗೆ ಮಾಡಿ ಮನೆಗೆ ಕರೆದೊಯ್ಯುತ್ತಾರೆ. ಹೈದರಾಬಾದಿಗೆ ದುಡಿಯಲು ಬಂದ ಮಾತ್ರಕ್ಕೆ ಆ ಪದ್ಧತಿ ಬಿಡಲಾದೀತೇ?

"ಭಾರತ್ ಮಾತಾ ಕೀ..." ಎಂದ ಗೊಲ್ಲಾಳಪ್ಪ.

"ಒಂದ್ ನಿಮಿಷ ತಡೀರಿ ಮಾವ," ಚನ್ನು ಕೈ ಎತ್ತಿದ. "ನಾ ರಿಟೈರ್ ಆಗಿಲ್ಲ. ಫಿಟ್ಸ್ ಬರ್ತಾವ ಅಂತ ಮಿಲಿಟ್ರಿ ಡಾಕ್ಟರು ಮನಿಗಿ ಕಳಿಸ್ಯಾರ."

ಹಲಗೆ ನಿಂತಿತು.

"ಸರ್ವಿಸ್ ಮುಗೀತು ಅಂತ ಫೋನ್‌ನ್ಯಾಗ ಅಂದಿದ್ದೆಲ್ಲೋ!"

"ಅಂದಿದ್ದೆ. ಹ್ಯಾಂಗ ಮುಗೀತು ಅಂತ ಹೇಳೂದ್ರೊಳಗ ನೀವು ಫೋನ್ ಇಟ್ಟು ಹಲಗಿಯವರನ್ನ ಹುಡುಕಾಕ ಓಡಿದ್ರಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗೊಲ್ಲಾಳಪ್ಪ ಅಳಿಯನ ರಟ್ಟೆ ಹಿಡಿದು ಪಕ್ಕಕ್ಕೆಳೆದ. "ಬಾಯಿ ಮುಚ್ಚು. ರಿಟೈರ್ ಅಂತನೇ ಇರ್ಲಿ. ಮೂರ್ಛೆರೋಗ ಅಂದ್ರ ನಾಳಿ ನಿನಗ ಹೆಣ್ಣು ಯಾರು ಕೊಡ್ತಾರ, ಕೆಲಸ ಯಾರು ಕೊಡ್ತಾರ? ತಲಿ ಬಗ್ಗಸು."

ಚನ್ನು ತಲೆ ಬಗ್ಗಿಸಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಒಂಬತ್ತು ವರ್ಷ ಗಡಿ ಕಾಯ್ದೀನಿ. ಓಡಿ ಬಂದಿಲ್ಲ, ಕದ್ದು ಬಂದಿಲ್ಲ. ಫಿಟ್ಸ್ ಐತಿ ಅಂತ ಗೊತ್ತಿದ್ದು ಹಾಕೂದಿದ್ರ ಹಾಕ್ರಿ. ಸುಳ್ಳಿನ ಹಾರ ನನಗ ಬ್ಯಾಡ."

ಹಾರ ಹಿಡಿದ ಕೈ ಕೆಳಗಿಳಿಯಿತು. ಕೂಲಿಯವರು ನೆಲ ನೋಡಿದರು. ಆಗ ಟ್ರಾಲಿಯಲ್ಲಿ ಕೂತಿದ್ದ ಚನ್ನುವಿನ ತಾಯಿ ಬಂಡೆಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಕೆಳಗಿಳಿದಳು.

"ಏ ಗೊಲ್ಲಾಳ್ಯಾ, ನನ್ನ ಮಗ ಪೆಟ್ಟಿಗ್ಯಾಗ ಬಂದಿದ್ರ ಎಷ್ಟು ಹಾರ ತರ್ತಿದ್ದಿ? ತನ್ನ ಕಾಲ ಮ್ಯಾಲ ನಡಕೋತ ಬಂದಾನ ಅಂತ ನಿನ್ನ ಕೈ ಹಿಂದಕ್ಕ ಜಗ್ತೈತೇನು?" ತಮ್ಮನ ಕೈಯಿಂದ ಹಾರ ಕಿತ್ತುಕೊಂಡು ಮಗನ ಕೊರಳಿಗೆ ಹಾಕಿದಳು. ಎರಡು ಹೂವು ಉದುರಿದವು.

ಹಲಗೆಯ ಮಲ್ಲಣ್ಣ ತಲೆ ಕೆರೆದುಕೊಂಡ. "ನನಗ ಮದುವಿ ಬಡಿತ ಬರತೈತಿ, ಹೆಣದ ಬಡಿತ ಬರತೈತಿ. ಇದಕ್ಕ ಯಾವ್ದು ಬಾರಿಸ್ಲಿ ತಮ್ಮಾ?"

"ನನ್ನ ಹೆಜ್ಜಿ ನೋಡಿ ಬಾರಿಸು ಕಾಕಾ."

ಚನ್ನು ಟ್ರಂಕನ್ನು ಆಟೋದಲ್ಲಿಟ್ಟ, ತಾನು ಹತ್ತಲಿಲ್ಲ. ರಸ್ತೆಯ ನಡುವೆ ಎದೆ ಸೆಟೆಸಿ ಪರೇಡಿನ ನಡಿಗೆ ಹಾಕಿದ. ಮೊದಲು ತಡವರಿಸಿದ ಹಲಗೆ ಆಮೇಲೆ ಬೂಟಿನ ಹೆಜ್ಜೆಗೆ ಸರಿಯಾಗಿ ಬಿದ್ದಿತು. ಹಿಂದೆ ಹಾರ್ನ್ ಹೊಡೆಯುತ್ತಿದ್ದ ಬಸ್ಸಿಗೆ ಬಂಡೆಮ್ಮ ತೆಲುಗಿನಲ್ಲಿ ಬೈದಳು.

ಗೊಲ್ಲಾಳಪ್ಪ ಏದುಸಿರು ಬಿಡುತ್ತಾ ಪಕ್ಕದಲ್ಲೇ ಓಡಿ ಬಂದ. "ಆಟೋ ಹತ್ತೋ ಮಾರಾಯಾ, ಬಿಸಿಲು ಭಾಳ ಐತಿ. ಹಾದ್ಯಾಗ ಬಿದ್ದರ ಏನ್ ಮಾಡೂದು?"

"ಮಗ್ಗಲಿಗಿ ಹೊರಳಿಸಿ ಮಲಗಿಸ್ರಿ, ಕೈಯಾಗ ಕಬ್ಬಿಣ ತುರುಕಬ್ಯಾಡ್ರಿ." ಚನ್ನು ತಿರುಗಿ ನೋಡಲಿಲ್ಲ. "ಹಲಗಿ ಮಾತ್ರ ನಿಲ್ಲಸಬ್ಯಾಡ್ರಿ. ಎದ್ದು ಬಂದು ಮತ್ತ ನಿಮ್ಮನ್ನ ಕೂಡ್ಕೋತೀನಿ."