ದಪ್ಪ ಗೋಡೆ ಯಾವ ಕಡೆ?

“ಚೀಟಿ ತಪ್ಪಾಗಿದೆ ಸರ್,” ಎಂದಳು ದರ್ಜಿಯಮ್ಮನ ಮಗಳು, ವೈದ್ಯಕೀಯ ಕಾಲೇಜಿನ ಪ್ರಾಯೋಗಿಕ ಪರೀಕ್ಷೆಯ ಟ್ರೇಯಲ್ಲಿ ಸೀಳಿಟ್ಟಿದ್ದ ಹೃದಯದ ಗೋಡೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದುಕೊಂಡೇ. ಪರೀಕ್ಷಕರ ಕನ್ನಡಕ ಮೂಗಿನ ತುದಿಗೆ ಜಾರಿತು. ಹೃದಯದ ಎಡ-ಬಲದಲ್ಲೇ ಎರಡು ವರ್ಷ ಎಡವಿ ಫೇಲಾಗಿದ್ದ ವಿದ್ಯಾರ್ಥಿನಿ ಇವಳು; ಇದು ಮೂರನೆಯ, ಕೊನೆಯ ಅವಕಾಶ.

“ಚೀಟಿ ಚುಚ್ಚಿದ್ದು ನಾನೇ ಕಣಮ್ಮ. ‘ಬಲ’ ಅಂತ ದಪ್ಪಕ್ಷರದಲ್ಲಿ ಬರ್ದಿದೀನಿ. ಓದಕ್ಕೂ ಬರಲ್ವಾ?”

“ಓದ್ದೆ ಸರ್. ಆದ್ರೆ ಇದು ಎಡಗಡೆ ಕೆಳಕೋಣೆ. ಬಲಗಡೇದು ಪಕ್ಕದ್ಮನೆ ಶ್ವಾಸಕೋಶಕ್ಕೆ ರಕ್ತ ತಳ್ಳಿದ್ರೆ ಮುಗೀತು. ಎಡಗಡೇದು ತಲೆಯಿಂದ ಕಾಲ್ಬೆರಳವರೆಗೂ ಕಳಿಸ್ಬೇಕು, ಅದಕ್ಕೇ ಅದರ ಗೋಡೆ ಮೂರು ಪಟ್ಟು ದಪ್ಪ. ಅಂಗಡಿಯವರ ಚೀಟಿ ನಂಬ್ಬೇಡ, ಬಟ್ಟೆ ಹಿಡಿದು ನೋಡು ಅಂತಾರೆ ನಮ್ಮಮ್ಮ. ಇದು ಕೋಟಿನ ಬಟ್ಟೆ ಸರ್, ಆ ಕಡೇದು ಅಂಗಿ ಬಟ್ಟೆ. ನೀವೂ ಹಿಡಿದು ನೋಡಿ.”

ಇಪ್ಪತ್ತು ವರ್ಷದಿಂದ ಕಡ್ಡಿಯ ತುದಿಯಲ್ಲೇ ಹೃದಯ ತೋರಿಸುತ್ತ ಬಂದಿದ್ದ ಪರೀಕ್ಷಕರು ಕೈಗವಸು ಹಾಕಿಕೊಂಡರು. ಒಂದು ಗೋಡೆ ಹಿಡಿದರು, ಇನ್ನೊಂದನ್ನು ಹಿಡಿದರು, ಮತ್ತೆ ಮೊದಲನೆಯದಕ್ಕೇ ಬಂದರು. ಬಟ್ಟೆ ಆರಿಸಲು ಒದ್ದಾಡುವ ಗಿರಾಕಿಯ ಮುಂದೆ ನಿಂತವಳಂತೆ ಅವಳು ಆರಾಮಾಗಿ ಕಾದಳು. ಕೊನೆಗೆ ಅವರು ಎಡ-ಬಲದ ಎರಡೂ ಚೀಟಿ ಕಿತ್ತು ಅದಲುಬದಲು ಮಾಡಿ, ಅವಳ ನಂಬರಿನ ಮುಂದೆ ‘ಪಾಸ್’ ಎಂದು ಬರೆದರು. ಆಮೇಲೆ ಬಾಗಿಲಲ್ಲಿದ್ದ ಅಟೆಂಡರನ್ನು ಕರೆದು ಮೆಲ್ಲಗೆ ಹೇಳಿದರು: “ಬೆಳಗ್ಗೆಯಿಂದ ಚೀಟಿ ಓದಿ ಪಾಸಾದ್ರಲ್ಲ, ಆ ಹನ್ನೆರಡು ಜನಾನೂ ವಾಪಸ್ ಕರಿಯಪ್ಪ.”